ಕೈಗವಸು ಮತ್ತು ಯತ್ನಾಚಾರ

ಜೈನ ಆಚಾರಶಾಸ್ತ್ರವು ಐದು ಸಮಿತಿಗಳನ್ನು ವಿವರಿಸುವಾಗ, ವಸ್ತುವನ್ನು ಎತ್ತಿಕೊಳ್ಳುವ ಮತ್ತು ಕೆಳಗಿಡುವ ಕ್ರಿಯೆಗೇ ಒಂದು ಪ್ರತ್ಯೇಕ ಸ್ಥಾನವನ್ನು ಕೊಟ್ಟಿದೆ. ಆದಾನ-ನಿಕ್ಷೇಪಣ ಸಮಿತಿ ಎಂಬುದು ಅದರ ಹೆಸರು. ನಡೆಯುವ ಕಾಲಿಗೆ, ನುಡಿಯುವ ನಾಲಗೆಗೆ ಎಷ್ಟು ಎಚ್ಚರ ಬೇಕೋ ಹಿಡಿಯುವ ಕೈಗೂ ಅಷ್ಟೇ ಎಚ್ಚರ ಬೇಕೆಂಬುದು ಅದರ ತಾತ್ಪರ್ಯ. ಮುನಿಗಳಿಗೆ ಅದು ನಿತ್ಯದ ಕಟ್ಟಳೆ. ಗೃಹಸ್ಥನಿಗೆ ಶಕ್ತ್ಯನುಸಾರವಾದ ಅಭ್ಯಾಸ. ಕೈ ಏನನ್ನು ಮಾಡುತ್ತದೆ ಎಂಬುದು ಈ ಎಚ್ಚರದ ವ್ಯಾಪ್ತಿಗೆ ಸೇರುವಂತೆ, ಕೈ ಏನನ್ನು ತೊಟ್ಟಿದೆ ಎಂಬುದೂ ಸೇರುತ್ತದೆ. ಆದರೆ ಬೆಂಗಳೂರಿನ ಶ್ರಾವಕನಿಗೆ ಈ ಎರಡನೆಯ ಪ್ರಶ್ನೆ ಎದುರಾಗುವುದು ಅಪರೂಪ.

ಏಕೆಂದರೆ ಈ ಊರಿನ ಚಳಿ ಸೌಮ್ಯವಾದದ್ದು. ಬೆಂಗಳೂರಿನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿ 13ರ ಮಾತು. ಧನುರ್ಮಾಸದ ಬೆಳಗಿನಲ್ಲಿ ಲಾಲ್‌ಬಾಗಿಗೆ ತಿರುಗಾಡಲು ಬರುವ ಜಯನಗರದ ಹಿರಿಯರಿಗೆ ಒಂದು ಸ್ವೆಟರು, ಒಂದು ಮಂಕಿ ಕ್ಯಾಪು ಸಾಕು. ಕೈ ತಣ್ಣಗಾದರೆ ಜೇಬಿಗೆ ಸೇರಿಸಿದರಾಯಿತು. ಚಳಿಗಾಲದಲ್ಲಿ ಟಿಬೆಟಿನ ವ್ಯಾಪಾರಿಗಳು ಹರಡುವ ಬೆಚ್ಚನೆಯ ಬಟ್ಟೆಗಳ ನಡುವೆ ಕೈಗವಸುಗಳಿದ್ದರೂ ಅವನ್ನು ಕೊಳ್ಳುವವರು ಹೆಚ್ಚಾಗಿ ಸ್ಕೂಟರು ಓಡಿಸುವವರು. ಬಿ.ಟಿ.ಎಂ. ಬಡಾವಣೆಯ ಪಕ್ಕದ ಮಡಿವಾಳ ಕೆರೆಯಲ್ಲಿಯೋ, ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯಲ್ಲಿಯೋ ಕ್ಯಾಮೆರಾ ಹಿಡಿದು ಹಕ್ಕಿಗಳಿಗಾಗಿ ಕಾಯುವವರಿಗೆ ಅವು ಬೇಕಾಗಿಯೇ ಇಲ್ಲ.

ಕನ್ನಡನಾಡಿನ ಛಾಯಾಗ್ರಾಹಕರ ಹಿಂದಿನ ತಲೆಮಾರಿಗೂ ಅವು ಅಷ್ಟಾಗಿ ಬೇಕಾಗಿರಲಿಲ್ಲ. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ (1932–2017), ಸಂಡೂರಿನ ಎಂ.ವೈ. ಘೋರ್ಪಡೆ (1931–2011) ಇವರನ್ನು ನೆನೆದಾಗ ಮನಸ್ಸಿಗೆ ಬರುವುದು ದಕ್ಷಿಣದ ಬೆಚ್ಚನೆಯ ಕಾಡುಗಳು. 1971ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂತಹ ಸಂಸ್ಥೆಗಳು ಈ ಹವ್ಯಾಸವನ್ನು ಮಧ್ಯಮ ವರ್ಗದ ಮನೆಗಳಿಗೆ ತಂದವು. ಈಚಿನ ವರ್ಷಗಳಲ್ಲಿ ಆ ಮನೆಗಳ ಮಕ್ಕಳು ಬಂಡೀಪುರವನ್ನೂ ದಾಟಿ ಹಿಮಾಲಯದತ್ತ, ಅದೂ ನಡುಚಳಿಗಾಲದಲ್ಲಿ, ಹೊರಡತೊಡಗಿದ್ದಾರೆ. ಅಲ್ಲಿಂದ ಕೈಗವಸಿನ ಪ್ರಶ್ನೆ ಹುಟ್ಟಿತು.

ಬನಶಂಕರಿ ಎರಡನೆಯ ಹಂತದ ಜೈನ ಕುಟುಂಬವೊಂದರಲ್ಲಿ ಈ ಪ್ರಶ್ನೆ 2024ರ ಜನವರಿಯಲ್ಲಿ ಎದ್ದಿತು. ಮನೆಯ ಯಜಮಾನರು ನಿವೃತ್ತ ಬ್ಯಾಂಕ್ ಅಧಿಕಾರಿ. ಮಗಳು ಸಾಫ್ಟ್‌ವೇರ್ ಉದ್ಯೋಗಿ. ರಜಾದಿನಗಳನ್ನೆಲ್ಲ ಕ್ಯಾಮೆರಾಕ್ಕೆ ಅರ್ಪಿಸಿದವಳು. ಫೆಬ್ರುವರಿಯಲ್ಲಿ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ಕಿಬ್ಬರ್ ಗ್ರಾಮಕ್ಕೆ ಹಿಮಚಿರತೆಯ ಚಿತ್ರ ತೆಗೆಯಲು ಹೊರಡುವುದೆಂದು ಅವಳು ನಿಶ್ಚಯಿಸಿದ್ದಳು. ಸಹೋದ್ಯೋಗಿಯೊಬ್ಬರಿಂದ ಒಂದು ಜೊತೆ ಕೈಗವಸನ್ನು ಎರವಲು ತಂದು ಊಟದ ಮೇಜಿನ ಮೇಲೆ ಇಟ್ಟಿದ್ದಳು. ಎಂಬತ್ತು ದಾಟಿದ ಅಜ್ಜಿ ಅದನ್ನು ಮುಟ್ಟಿ ನೋಡಿದರು.

“ಇದು ಯಾವುದರ ಚರ್ಮ, ಮಗೂ?”

“ಮೇಕೆಯದಂತೆ ಅಜ್ಜಿ. ಅಲ್ಲಿನ ಚಳಿಗೆ ಇದೇ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ.”

“ಎಲ್ಲರೂ ಹೇಳಲಿ. ಹಾಕಿಕೊಳ್ಳೋ ಕೈ ನಿನ್ನದಲ್ಲವೆ?”

ತಂದೆಯವರ ಚಿಂತೆ ಬೇರೆಯಾಗಿತ್ತು. “ಅಮ್ಮಾ, ಬೆರಳು ಹೆಪ್ಪುಗಟ್ಟಿ ಹೋದರೆ ಮತ್ತೆ ಬರುವುದಿಲ್ಲ. ಮೊದಲು ಅದನ್ನು ಯೋಚಿಸೋಣ” ಎಂದರು. ಇಬ್ಬರ ಮಾತೂ ಸರಿಯಾದದ್ದೇ. ಆದ್ದರಿಂದಲೇ ವಿಷಯವು ಒಂದು ರಾತ್ರಿಯಲ್ಲಿ ಮುಗಿಯಲಿಲ್ಲ. ಮೂರು ವಾರಗಳ ಕಾಲ ಆ ಮನೆಯಲ್ಲಿ ಕೈಗವಸಿನ ಸ್ವಾಧ್ಯಾಯವೇ ನಡೆಯಿತೆನ್ನಬಹುದು.

ಮೊದಲು ತಂದೆಯವರ ಚಿಂತೆಯನ್ನು ನೋಡಬೇಕು. ಕಿಬ್ಬರ್ ಸಮುದ್ರಮಟ್ಟದಿಂದ 4,000 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಫೆಬ್ರುವರಿಯ ರಾತ್ರಿಗಳಲ್ಲಿ ಅಲ್ಲಿಯ ಉಷ್ಣತೆ ಶೂನ್ಯಕ್ಕಿಂತ 20 ಡಿಗ್ರಿ ಕೆಳಗೆ ಇಳಿಯುವುದುಂಟು. ಕಡುಚಳಿ ತಗುಲಿದಾಗ ದೇಹವು ಎದೆ-ಹೊಟ್ಟೆಗಳ ಶಾಖವನ್ನು ಉಳಿಸಿಕೊಳ್ಳಲು ಕೈಕಾಲುಗಳ ರಕ್ತನಾಳಗಳನ್ನು ಸಂಕೋಚಗೊಳಿಸುತ್ತದೆ. ಆಗ ಮೊದಲು ನರಳುವುದು ಬೆರಳ ತುದಿ. ಬೆರಳಿನ ಚರ್ಮ ಸುಮಾರು 15 ಡಿಗ್ರಿಗಿಂತ ತಣ್ಣಗಾದರೆ ಸೂಕ್ಷ್ಮವಾದ ಕೆಲಸ ತಪ್ಪತೊಡಗುತ್ತದೆ. ಇನ್ನೂ ತಣ್ಣಗಾದರೆ ಸ್ಪರ್ಶಜ್ಞಾನವೇ ಮರೆಯಾಗುತ್ತದೆ. ಕೊನೆಗೆ ಅಂಗಾಂಶವೇ ಹೆಪ್ಪುಗಟ್ಟುತ್ತದೆ. ನೋವು ನಿಂತಿತೆಂದು ಸಮಾಧಾನಪಡುವ ಹೊತ್ತಿಗೇ ಅಪಾಯ ಆರಂಭವಾಗಿರುತ್ತದೆ.

ನಡೆಯುವವನಿಗಿಂತ ಛಾಯಾಗ್ರಾಹಕನಿಗೆ ಈ ಕಷ್ಟ ಹೆಚ್ಚು. ನಡೆಯುವವನ ದೇಹ ದುಡಿದು ಶಾಖವನ್ನು ಹುಟ್ಟಿಸುತ್ತದೆ. ಛಾಯಾಗ್ರಾಹಕನು ಗಂಟೆಗಟ್ಟಲೆ ಕಲ್ಲಿನ ಮೇಲೆ ಕುಳಿತಿರುತ್ತಾನೆ. ಅವನು ಹಿಡಿಯುವುದು ಲೋಹದ ಕ್ಯಾಮೆರಾ, ಲೋಹದ ಮುಕ್ಕಾಲಿ. ಅವು ಕೈಯ ಶಾಖವನ್ನು ಬೇಗನೆ ಹೀರುತ್ತವೆ. ಇಷ್ಟರ ಮೇಲೆ ಶಟರಿನ ಗುಂಡಿ, ಸಣ್ಣ ತಿರುಗಣೆಗಳು, ಬ್ಯಾಟರಿಯ ಬಾಗಿಲು ಇವೆಲ್ಲಕ್ಕೂ ಬೆರಳ ತುದಿಯ ನಯ ಬೇಕು. ದಪ್ಪನೆಯ ಕೈಗವಸು ಬೆಚ್ಚಗಿಡುತ್ತದೆ, ಕೆಲಸ ಬಿಡಿಸುತ್ತದೆ. ತೆಳ್ಳನೆಯದು ಕೆಲಸ ಮಾಡಿಸುತ್ತದೆ, ಬೆರಳನ್ನು ಕೊಲ್ಲುತ್ತದೆ. ಈ ಎರಡರ ನಡುವೆ ದಾರಿ ಹುಡುಕುವುದೇ ಆಯ್ಕೆಯ ಮೂಲ ಸಮಸ್ಯೆ.

ಇನ್ನು ಅಜ್ಜಿಯ ಪ್ರಶ್ನೆ. ಹಿಂಸೆಯನ್ನು ತಾನು ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಮೆಚ್ಚುವುದು ಎಂದು ಕೃತ, ಕಾರಿತ, ಅನುಮೋದನ ಎಂಬ ಮೂರು ಬಗೆಯಾಗಿ ಜೈನಾಚಾರ್ಯರು ಎಣಿಸಿದ್ದಾರೆ. ಚರ್ಮದ ಕೈಗವಸನ್ನು ಕೊಳ್ಳುವವನು ಮೇಕೆಯನ್ನು ಕೊಂದವನಲ್ಲ. ಮಾಂಸಕ್ಕಾಗಿ ಕೊಂದ ಪ್ರಾಣಿಯ ಚರ್ಮ ಹೇಗೂ ಉಳಿಯುತ್ತದೆ, ಅದನ್ನು ಬಳಸಿದರೆ ದೋಷವೇನು ಎಂಬ ವಾದ ಬಹುಕಾಲದಿಂದ ಇದೆ. ಈ ವಾದಕ್ಕೆ ಉತ್ತರವು ಧರ್ಮಗ್ರಂಥಕ್ಕಿಂತ ಮೊದಲು ಲೆಕ್ಕದ ಪುಸ್ತಕದಲ್ಲೇ ಸಿಗುತ್ತದೆ. ಉಪ ಉತ್ಪನ್ನವನ್ನು ಮಾರಿ ಬಂದ ಹಣವನ್ನು ಪ್ರಧಾನ ಉತ್ಪನ್ನದ ವೆಚ್ಚದಿಂದ ಕಳೆಯಬೇಕೆಂಬುದು ವೆಚ್ಚಲೆಕ್ಕದ ಪ್ರಾಥಮಿಕ ಪಾಠ. ಚರ್ಮಕ್ಕೆ ಬೆಲೆ ಬಂದಷ್ಟೂ ಮಾಂಸದ ವೆಚ್ಚ ಇಳಿಯುತ್ತದೆ. ವೆಚ್ಚ ಇಳಿದಷ್ಟೂ ವ್ಯಾಪಾರ ಬೆಳೆಯುತ್ತದೆ. ಹೀಗೆ ಚರ್ಮವನ್ನು ಕೊಂಡವನು ಕಸಾಯಿಖಾನೆಯ ಖರ್ಚಿನಲ್ಲಿ ಒಂದು ಪಾಲನ್ನು ತಾನು ವಹಿಸಿಕೊಂಡಂತಾಯಿತು. ಕಾರಿತದ ಅರ್ಥವನ್ನು ಇಷ್ಟು ಸ್ಪಷ್ಟವಾಗಿ ಬೇರೆ ಯಾವುದೂ ತಿಳಿಸಲಾರದು.

ಹಂಸ, ಬಾತುಗಳ ಎದೆಯ ಮೃದುವಾದ ಗರಿಯನ್ನು ತುಂಬಿದ ಕೈಗವಸುಗಳಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಡೌನ್ ಎಂದು ಕರೆಯುವ ಈ ಗರಿ ಬಹುಪಾಲು ಮಾಂಸದ ವ್ಯಾಪಾರದಿಂದಲೇ ಬರುತ್ತದೆ. ಜೀವಂತ ಹಕ್ಕಿಯಿಂದ ಕೀಳುವ ಕ್ರೂರ ಪದ್ಧತಿಯೂ ಕೆಲವೆಡೆ ಬೆಳಕಿಗೆ ಬಂದಿದೆ. ದಿಗಂಬರ ಮುನಿಗಳ ಕೈಯಲ್ಲಿರುವ ಪಿಂಛಿಯೂ ಗರಿಯದೇ. ಆದರೆ ಅದು ನವಿಲು ತಾನಾಗಿ ಉದುರಿಸಿದ ಗರಿ. ಉದುರಿದ್ದಕ್ಕೂ ಕಿತ್ತದ್ದಕ್ಕೂ ಇರುವ ಅಂತರದಲ್ಲಿಯೇ ಅಹಿಂಸೆಯ ವಿವೇಕವೆಲ್ಲ ಅಡಗಿದೆ. ಒಳಗೆ ತೊಡುವ ತೆಳುವಾದ ರೇಷ್ಮೆಯ ಕೈಗವಸುಗಳೂ ಮಾರುಕಟ್ಟೆಯಲ್ಲಿವೆ. ರಾಮನಗರದ ಗೂಡಿನ ಮಾರುಕಟ್ಟೆಯನ್ನು ಕಂಡ ಕನ್ನಡಿಗನಿಗೆ, ನೂಲು ಬಿಚ್ಚುವ ಮೊದಲು ಗೂಡಿನೊಳಗಿನ ಹುಳು ಬಿಸಿಗೆ ಸಾಯುತ್ತದೆಂದು ಹೊಸದಾಗಿ ಹೇಳಬೇಕಾಗಿಲ್ಲ.

ಉಣ್ಣೆಯ ವಿಷಯ ಇಷ್ಟು ಸುಲಭವಲ್ಲ. ಅಜ್ಜಿಯ ಹಾಸಿಗೆಯ ಕಾಲ ಬಳಿ ಚಿತ್ರದುರ್ಗದ ಕಡೆಯ ಕರಿಯ ಕಂಬಳಿಯೊಂದು ಇತ್ತು. ತುಪ್ಪಟವನ್ನು ಕತ್ತರಿಸಿದರೆ ಕುರಿ ಸಾಯುವುದಿಲ್ಲ, ಅದು ಮತ್ತೆ ಬೆಳೆಯುತ್ತದೆ. ಶ್ವೇತಾಂಬರ ಸಾಧುಗಳ ರಜೋಹರಣವೂ ಉಣ್ಣೆಯದು. ಅಲ್ಲದೆ ಉಣ್ಣೆ ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಕೊಂಡರೂ ಬೆಚ್ಚಗೇ ಇರುತ್ತದೆ. ಹೀಗೆಂದು ತಂದೆಯವರು ಉಣ್ಣೆಯ ಪರವಾಗಿ ವಾದಿಸಿದರು. ಮಗಳು ಇನ್ನೊಂದು ಮುಖವನ್ನು ತೋರಿಸಿದಳು. ಕೈಗವಸುಗಳಲ್ಲಿ ಬಳಸುವ ನಯವಾದ ಮೆರಿನೊ ಉಣ್ಣೆಯ ಬಹುದೊಡ್ಡ ತವರು ಆಸ್ಟ್ರೇಲಿಯ. ನೊಣದ ಹುಳುಗಳು ಬೀಳದಿರಲೆಂದು ಕುರಿಮರಿಯ ಬಾಲದ ಸುತ್ತಲಿನ ಚರ್ಮವನ್ನೇ ಕತ್ತರಿಸಿ ತೆಗೆಯುವ ‘ಮ್ಯೂಲ್ಸಿಂಗ್’ ಎಂಬ ಪದ್ಧತಿ ಅಲ್ಲಿ ಬೆಳೆದುಬಂದಿದೆ. ನ್ಯೂಜಿಲೆಂಡ್ ಅದನ್ನು 2018ರಲ್ಲಿ ನಿಷೇಧಿಸಿತು. ಒಂದೇ ಹೆಸರಿನ ಉಣ್ಣೆಯ ಹಿಂದೆ ಎರಡು ಬಗೆಯ ನಡತೆಗಳಿವೆ. ಅಂಗಡಿಯ ಚೀಟಿಯಲ್ಲಿ ಮಾತ್ರ ‘ಉಣ್ಣೆ’ ಎಂಬ ಒಂದೇ ಶಬ್ದವಿರುತ್ತದೆ. ಅಜ್ಜಿ ಕೊಟ್ಟ ತೀರ್ಪು ಇದು: “ಕುರಿಯವನ ಮುಖ ಗೊತ್ತಿದ್ದರೆ ತಗೋಬಹುದು. ಗೊತ್ತಿಲ್ಲದಿದ್ದರೆ ಬಿಟ್ಟುಬಿಡು.”

ಉಳಿದದ್ದು ಕೃತಕ ನೂಲು. ಪಾಲಿಯೆಸ್ಟರಿನಿಂದ ಮಾಡಿದ ಫ್ಲೀಸ್ ಬಟ್ಟೆ 1980ರ ಸುಮಾರಿಗೆ ಬಳಕೆಗೆ ಬಂದಿತು. ಅಮೆರಿಕದ ಸೈನ್ಯವು ಒದ್ದೆಯಾದರೆ ಬೆಚ್ಚಗಿಡದ ಗರಿಗೆ ಬದಲಿಯನ್ನು ಬಯಸಿದ್ದರಿಂದ 1980ರ ದಶಕದಲ್ಲಿ ಪ್ರೈಮಾಲಾಫ್ಟ್ ಎಂಬ ಸೂಕ್ಷ್ಮ ಎಳೆಯ ತುಂಬುವಿಕೆ ಸಿದ್ಧವಾಯಿತು. ಅದು ತೇವದಲ್ಲಿಯೂ ಶಾಖವನ್ನು ಹಿಡಿದಿಡುತ್ತದೆ. ಅಂಗೈಗೆ ಚರ್ಮದ ಬದಲು ಪಾಲಿಯೂರಿಥೇನ್ ಲೇಪದ ಬಟ್ಟೆ ಬಂದಿದೆ. ಐವತ್ತು ವರ್ಷಗಳ ಹಿಂದೆ ಶೀತದೇಶಕ್ಕೆ ಹೊರಟ ಜೈನನಿಗೆ ಇಲ್ಲದಿದ್ದ ಸೌಲಭ್ಯ ಇಂದು ಇದೆ. ಸೌಲಭ್ಯ ಇಲ್ಲದಾಗ ಕ್ಷಮ್ಯವಾದದ್ದು ಅದು ದೊರೆತ ಮೇಲೆ ಕ್ಷಮ್ಯವಾಗಿ ಉಳಿಯುವುದಿಲ್ಲ.

ಆದರೂ ಇಲ್ಲಿ ಅಹಂಕಾರಕ್ಕೆ ಎಡೆಯಿಲ್ಲ. ಈ ನೂಲುಗಳ ಮೂಲ ಕಲ್ಲೆಣ್ಣೆ. ಪ್ರತಿ ಸಲ ಒಗೆದಾಗಲೂ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ನೀರಿಗೆ ಸೇರಿ ಜಲಚರಗಳ ಹೊಟ್ಟೆಗೆ ಹೋಗುತ್ತವೆ. ಛಾಯಾಗ್ರಹಣದ ಚರಿತ್ರೆಯಲ್ಲಿಯೂ ಇಂಥದೇ ಒಂದು ಪಾಠವಿದೆ. ತಂದೆಯವರು ತಮ್ಮ ತಾರುಣ್ಯದಲ್ಲಿ ಬಳಸುತ್ತಿದ್ದ ಫಿಲ್ಮ್ ಸುರುಳಿಯ ಮೇಲಿನ ಲೇಪದಲ್ಲಿ ಇದ್ದದ್ದು ಜೆಲಾಟಿನ್. ಪ್ರಾಣಿಗಳ ಮೂಳೆ, ಚರ್ಮಗಳಿಂದ ತೆಗೆದ ವಸ್ತು. ಚರ್ಮದ ಕ್ಯಾಮೆರಾ ಚೀಲವನ್ನು ಬೇಡವೆಂದು ಕ್ಯಾನ್ವಾಸಿನ ಚೀಲ ಹೊಲಿಸಿಕೊಂಡವರ ಕ್ಯಾಮೆರಾದೊಳಗೇ ಅದು ಕುಳಿತಿತ್ತು. ಸಂಪೂರ್ಣವಾಗಿ ಶುದ್ಧವಾದ ವಸ್ತುವೊಂದು ಅಂಗಡಿಯಲ್ಲಿ ದೊರೆಯುತ್ತದೆಂಬ ಭ್ರಮೆ ಶ್ರಾವಕನಿಗೆ ಸಲ್ಲದು. ಆಚಾರ್ಯರು ಗೃಹಸ್ಥನಿಂದ ಮೊದಲು ಅಪೇಕ್ಷಿಸಿದ್ದು ಸಂಕಲ್ಪೀ ಹಿಂಸೆಯ ತ್ಯಾಗವನ್ನು. ಜೀವನದಲ್ಲಿ ಅನಿವಾರ್ಯವಾದ ಆರಂಭೀ ಹಿಂಸೆಯನ್ನು ಕಡಿಮೆ ಮಾಡುತ್ತ ಹೋಗುವುದು ಯತ್ನಾಚಾರ. ಕೃತಕ ನೂಲಿನ ಕೈಗವಸನ್ನು ಕೊಂಡವನು ಒಂದೇ ಜೊತೆಯನ್ನು ಕೊಂಡು, ಅಪರೂಪಕ್ಕೆ ಕೈಯಿಂದಲೇ ಒಗೆದು, ಹರಿದರೆ ಹೊಲಿದು, ಹತ್ತು ವರ್ಷ ಬಳಸಿದರೆ ಆ ಪ್ರಯತ್ನ ಸಾರ್ಥಕವಾಗುತ್ತದೆ.

ಆಹಾರದ ಪೊಟ್ಟಣದ ಮೇಲೆ ಹಸಿರು ಚುಕ್ಕೆಯಿರುವಂತೆ ಬಟ್ಟೆಯ ಮೇಲೆ ಯಾವ ಚುಕ್ಕೆಯೂ ಇಲ್ಲ. ತಂದೆ-ಮಗಳು ಜಯನಗರ ನಾಲ್ಕನೆಯ ಬ್ಲಾಕಿನಿಂದ ಬನ್ನೇರುಘಟ್ಟ ರಸ್ತೆಯ ದೊಡ್ಡ ಕ್ರೀಡಾ ಮಳಿಗೆಗಳವರೆಗೆ ಅಲೆದು ಚೀಟಿಗಳನ್ನು ಓದುವುದನ್ನು ಕಲಿತರು. ಗೋಟ್‌ಸ್ಕಿನ್, ಕೌಹೈಡ್, ಸ್ವೀಡ್, ನಪ್ಪಾ ಎಂದಿದ್ದರೆ ಸಾಮಾನ್ಯವಾಗಿ ಚರ್ಮ. ಸಿಂಥೆಟಿಕ್ ಎಂದೋ ಪಿ.ಯು. ಎಂದೋ ಸ್ಪಷ್ಟವಾಗಿದ್ದರೆ ಮಾತ್ರ ಕೃತಕ. ಅಂಗೈಗೆ ಹಾಕಿದ ಸಣ್ಣ ತೇಪೆಯಲ್ಲಿ, ಮಣಿಕಟ್ಟಿನ ಪಟ್ಟಿಯಲ್ಲಿ ಚರ್ಮ ಅಡಗಿರುವುದುಂಟು. ಅಂಗಡಿಯವರಿಗೆ ಇದು ತಿಳಿದಿರುವುದು ಕಡಿಮೆ; ಕೇಳುವವರು ಹೆಚ್ಚಿದರೆ ತಿಳಿದುಕೊಳ್ಳುತ್ತಾರೆ.

ಕೊನೆಗೆ ಆಯ್ಕೆಯಾದದ್ದು ಎರಡು ಪದರದ ವ್ಯವಸ್ಥೆ. ಒಳಗೆ ಪಾಲಿಯೆಸ್ಟರಿನ ತೆಳುವಾದ ಐದು ಬೆರಳಿನ ಕೈಗವಸು. ಗುಂಡಿ, ತಿರುಗಣೆಗಳ ಕೆಲಸವೆಲ್ಲ ಅದರಲ್ಲಿಯೇ. ಹೊರಗೆ ನಾಲ್ಕು ಬೆರಳುಗಳಿಗೂ ಒಂದೇ ಕೋಣೆಯಿರುವ, ಕೃತಕ ಎಳೆ ತುಂಬಿದ ಮಿಟನ್. ಬೆರಳುಗಳು ಒಟ್ಟಿಗಿದ್ದು ಒಂದರ ಶಾಖವನ್ನು ಇನ್ನೊಂದು ಹಂಚಿಕೊಳ್ಳುವುದರಿಂದ ಮಿಟನ್ ಬೆರಳಿನ ಕೈಗವಸಿಗಿಂತ ಬೆಚ್ಚಗಿರುತ್ತದೆ. ಅದರ ತುದಿಯನ್ನು ಮುಚ್ಚಳದಂತೆ ಹಿಂದಕ್ಕೆ ಮಡಿಸಬಹುದು. ಚಿತ್ರ ತೆಗೆಯುವ ಕ್ಷಣದಲ್ಲಿ ತೆರೆದು ಮತ್ತೆ ಮುಚ್ಚಿಕೊಳ್ಳಬಹುದು. ಅಳತೆ ಬಿಗಿಯಾಗಿರಬಾರದು, ಬಿಗಿದರೆ ರಕ್ತದ ಓಟ ಕುಂದುತ್ತದೆ, ಶಾಖವನ್ನು ಹಿಡಿದಿಡುವ ಗಾಳಿಯ ಪದರವೂ ಹೋಗುತ್ತದೆ. ಮನೆಯ ಫ್ರೀಜರಿನ ಶೈತ್ಯ ಸಾಮಾನ್ಯವಾಗಿ ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿರುತ್ತದೆಂದು ಮಗಳು ಕೈಗವಸು ತೊಟ್ಟು ಅದರೊಳಗೆ ಕೈಯಿಟ್ಟು ಹತ್ತು ನಿಮಿಷ ನಿಂತಳು. ಆಮೇಲೆ ಕಣ್ಣು ಮುಚ್ಚಿಕೊಂಡು ಬ್ಯಾಟರಿ ಬದಲಿಸುವ ಅಭ್ಯಾಸವನ್ನು ಮಾಡಿದಳು. ಮುಕ್ಕಾಲಿಯ ಕಾಲುಗಳಿಗೆ ಫೋಮ್ ಸುತ್ತಿದ್ದೂ, ಕೈಗೆ ಶಾಖ ಬರಲು ಎದೆ ಮತ್ತು ತಲೆ ಬೆಚ್ಚಗಿರಬೇಕೆಂದು ಒಂದು ಪದರ ಬಟ್ಟೆ ಹೆಚ್ಚಿಗೆ ತೆಗೆದುಕೊಂಡದ್ದೂ ಈ ಆಯ್ಕೆಯ ಭಾಗವೇ.

ಕಿಬ್ಬರ್ ಕರ್ನಾಟಕಕ್ಕೆ ತೀರ ಅಪರಿಚಿತವಾದ ಊರಲ್ಲ. 1996ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಬಹುಕಾಲದಿಂದ ಅಲ್ಲಿಯ ಗ್ರಾಮಸ್ಥರೊಡನೆ ಕೆಲಸ ಮಾಡುತ್ತಿದೆ. ಮೇವಿನ ನೆಲದ ಒಂದು ಭಾಗವನ್ನು ಕಾಡುಕುರಿಗಳಿಗೆ ಬಿಟ್ಟುಕೊಡುವ, ಚಿರತೆ ಹಿಡಿದ ಜಾನುವಾರುಗಳಿಗೆ ವಿಮೆಯ ಪರಿಹಾರ ಕೊಡುವ ವ್ಯವಸ್ಥೆಗಳು ಅಲ್ಲಿ ರೂಪುಗೊಂಡವು. 2024ರ ಜನವರಿಯಲ್ಲಿ ಪ್ರಕಟವಾದ ದೇಶದ ಮೊದಲ ಹಿಮಚಿರತೆ ಗಣತಿಯ ಪ್ರಕಾರ ಭಾರತದಲ್ಲಿ ಅವುಗಳ ಅಂದಾಜು ಸಂಖ್ಯೆ 718, ಹಿಮಾಚಲದಲ್ಲಿ 51. ಇಷ್ಟು ವಿರಳವಾದ ಜೀವಿಯ ಎದುರಿಗೆ ಕುಳಿತಾಗ ಕೈಗವಸಿನ ನಿಜವಾದ ಪ್ರಯೋಜನ ತಿಳಿಯಿತು.

ನಾಲ್ಕನೆಯ ದಿನ ದೂರದ ಇಳಿಜಾರಿನಲ್ಲಿ ಚಿರತೆಯೊಂದು ತಾನು ಕೊಂದ ಐಬೆಕ್ಸ್ ಆಡಿನ ಬಳಿ ಮಲಗಿರುವುದನ್ನು ಸ್ಥಳೀಯ ಮಾರ್ಗದರ್ಶಿ ತೋರಿಸಿದನು. ಬಂಡೆಗೂ ಅದಕ್ಕೂ ವ್ಯತ್ಯಾಸ ತಿಳಿಯದಷ್ಟು ದೂರ. ತಂಡ ಮೂರು ಗಂಟೆ ಕಾದಿತು. ತಂಡದಲ್ಲಿದ್ದ ಹಿರಿಯರೊಬ್ಬರು ತೆಳುವಾದ ಕೈಗವಸನ್ನು ತೊಟ್ಟು ಬಂದಿದ್ದರು. ಅವರ ಬೆರಳುಗಳು ಮರಗಟ್ಟತೊಡಗಿದವು. ಕೈ ಮರಗಟ್ಟಿದಂತೆ ತಾಳ್ಮೆಯೂ ಕಳೆಯಿತು. ಕೆಳಗಿನ ಬಂಡೆಯವರೆಗೆ ಇಳಿದು ಬೇಗ ಚಿತ್ರ ತೆಗೆದು ಮುಗಿಸೋಣವೆಂದು ಮಾರ್ಗದರ್ಶಿಯನ್ನು ಒತ್ತಾಯಿಸತೊಡಗಿದರು. ಹತ್ತಿರ ಹೋದರೆ ಚಿರತೆ ಬೇಟೆಯನ್ನು ಬಿಟ್ಟು ಹೋಗಬಹುದು, ಚಳಿಗಾಲದಲ್ಲಿ ಮತ್ತೊಂದು ಬೇಟೆ ಸುಲಭವಲ್ಲ ಎಂದು ಆತ ವಿನಯದಿಂದ ಹೇಳಿದನು. ಆದರೆ ಅವನ ಜೀವನ ನಡೆಯುವುದು ಯಾತ್ರಿಕರಿಂದ. ಒತ್ತಾಯ ಹೆಚ್ಚಾದಾಗ ಅವನ ಮಾತು ತಗ್ಗಿತು.

ಆಗ ಅವಳು ತನ್ನ ಮಿಟನ್‌ಗಳನ್ನು ಕಳಚಿ ಆ ಹಿರಿಯರಿಗೆ ಕೊಟ್ಟಳು. ತೆಳುವಾದ ಒಳಗವಸಿನ ಕೈಗಳನ್ನು ಅಂಗಿಯೊಳಗೆ ಕಂಕುಳಲ್ಲಿ ಸೇರಿಸಿ ಕುಳಿತಳು. ಅರ್ಧ ಗಂಟೆಯಲ್ಲಿ ಅವರ ಬೆರಳುಗಳಿಗೆ ಜೀವ ಬಂದಿತು. ಕೆಳಗಿಳಿಯುವ ಮಾತು ನಿಂತಿತು. ಆ ಹೊತ್ತಿಗೆ ಚಿರತೆ ಎದ್ದು, ಮೈಮುರಿದು, ದಿಣ್ಣೆಯ ಅಂಚಿನಲ್ಲಿ ಹತ್ತಿಪ್ಪತ್ತು ಹೆಜ್ಜೆ ನಡೆದು ಮತ್ತೆ ಬೇಟೆಯ ಬಳಿ ಬಂದು ಕುಳಿತಿತು. ತಂಡದವರೆಲ್ಲರಿಗೂ ಆ ಚಿತ್ರ ದೊರೆಯಿತು; ಕೈಗಳನ್ನು ಕಂಕುಳಲ್ಲಿರಿಸಿಕೊಂಡವಳಿಗೆ ದೊರೆಯಲಿಲ್ಲ. ಮನೆಗೆ ಮರಳಿದಾಗ ಅವಳಲ್ಲಿದ್ದದ್ದು ಬಂಡೆಯಂತೆ ಮಲಗಿದ ಚಿರತೆಯ ಚಿತ್ರಗಳು ಮಾತ್ರ. ಅಜ್ಜಿ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಹುಡುಕಿ, “ಎಲ್ಲಿದೆಯೇ?” ಎಂದು ಕೇಳಿದರು. ಬೆರಳಿಟ್ಟು ತೋರಿಸಿದ ಮೇಲೆ, “ನಿದ್ದೆ ಮಾಡುತ್ತಿದೆ, ಪಾಪ. ಎಬ್ಬಿಸದೆ ಬಂದೆಯಲ್ಲ, ಅಷ್ಟು ಸಾಕು” ಎಂದರು.

ಆ ಮಾರ್ಗದರ್ಶಿ ತೊಟ್ಟದ್ದು ಚರ್ಮದ ಅಂಗೈಯ ಕೈಗವಸು, ಅವನ ಮನೆಯವರು ಹೊದ್ದದ್ದು ತಮ್ಮ ಕುರಿಗಳ ಉಣ್ಣೆ ಎಂಬುದನ್ನು ಇಲ್ಲಿ ಮರೆಯಬಾರದು. ಆ ಎತ್ತರದಲ್ಲಿ ತಲೆಮಾರುಗಳಿಂದ ಬದುಕಿದವರ ಅನಿವಾರ್ಯತೆ ಬೇರೆ, ಬನಶಂಕರಿಯಿಂದ ಹವ್ಯಾಸಕ್ಕಾಗಿ ಹೋದವರ ಅನುಕೂಲ ಬೇರೆ. ತನ್ನ ನಿಯಮವನ್ನು ತನ್ನ ಕೈಗೆ ತೊಡಿಸಬೇಕೇ ಹೊರತು ಇನ್ನೊಬ್ಬರ ಕೈಯನ್ನು ಅಳೆಯಲು ಬಳಸಬಾರದು. ಅನೇಕಾಂತವು ವಾದಮಂಟಪಕ್ಕೆ ಮಾತ್ರ ಮೀಸಲಾದ ತತ್ತ್ವವಲ್ಲ.

ಶೀತವನ್ನು ಸಮಭಾವದಿಂದ ಸಹಿಸುವುದು ಮುನಿಗಳ ಇಪ್ಪತ್ತೆರಡು ಪರೀಷಹಗಳಲ್ಲಿ ಒಂದು. ಬರಿಮೈಯಲ್ಲಿ ಚಳಿಯನ್ನು ಗೆದ್ದವರಿಗೆ ಕೈಗವಸಿನ ಚರ್ಚೆ ಬೇಕಿಲ್ಲ. ಗೃಹಸ್ಥನು ಆ ಎತ್ತರಕ್ಕೆ ಏರಿದವನಲ್ಲ. ಚಳಿ ಹೆಚ್ಚಿದರೆ ಅವನ ತಾಳ್ಮೆ ಕರಗುತ್ತದೆ, ತಾಳ್ಮೆ ಕರಗಿದರೆ ಪ್ರಮಾದ ಹುಟ್ಟುತ್ತದೆ. ಪ್ರಮಾದವೇ ಹಿಂಸೆಯ ಬಾಗಿಲೆಂದು ಆಗಮಜ್ಞರು ಹೇಳಿದ್ದಾರೆ. ಆದ್ದರಿಂದ ಬೆಚ್ಚಗಿನ ಕೈಗವಸು ಗೃಹಸ್ಥನಿಗೆ ಭೋಗವಲ್ಲ, ಅವನ ಸಂಯಮಕ್ಕೆ ಒಂದು ಆಸರೆ. ಯಾವ ಜೀವಿಯ ಚರ್ಮವನ್ನೂ ಸುಲಿಯದೆ ಅದು ಸಿದ್ಧವಾಗಿರಬೇಕೆಂಬುದು ನಿಯಮದ ಅರ್ಧಭಾಗ. ಅದನ್ನು ತೊಟ್ಟ ಕೈ ಎದುರಿಗಿರುವ ಜೀವಿಯ ನೆಮ್ಮದಿಯನ್ನೂ ಕೆಡಿಸದಷ್ಟು ಹೊತ್ತು ಸುಮ್ಮನೆ ಕಾಯಬಲ್ಲದಾಗಿರಬೇಕೆಂಬುದು ಉಳಿದರ್ಧ. ಶೀತದ ನಾಡಿಗೆ ಹೊರಡುವ ತರುಣ ಶ್ರಾವಕ-ಶ್ರಾವಿಕೆಯರು ಬೆಲೆ, ಬಣ್ಣಗಳನ್ನು ವಿಚಾರಿಸುವಾಗ ಈ ಎರಡನ್ನೂ ವಿಚಾರಿಸುವುದು ಯೋಗ್ಯ. ಹಿಂದಿರುಗಿದ ಮೇಲೆ ಕೈಗವಸನ್ನು ಪೆಟ್ಟಿಗೆಯಲ್ಲಿ ಬಚ್ಚಿಡದೆ ಮುಂದೆ ಹೊರಡುವವರಿಗೆ ಎರವಲು ಕೊಟ್ಟರೆ ಪರಿಗ್ರಹದ ಭಾರವೂ ಅಷ್ಟು ಕಡಿಮೆಯಾಗುತ್ತದೆ.